ಮಗುವಿನ ಕೈ ಓಡದೆ ನಿಂತಾಗ

ಆರನೇ ತರಗತಿಯವರೆಗೆ ಸಿಕ್ಕ ಸಿಕ್ಕ ಕಾಗದದಲ್ಲೆಲ್ಲ ಚಿತ್ರ ಬಿಡಿಸುತ್ತಿದ್ದ ಹುಡುಗ ಎಂಟಕ್ಕೆ ಬಂದ ಮೇಲೆ ಪೆನ್ಸಿಲ್ ಮುಟ್ಟುವುದಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಥೆ ಬರೆದು ಮೆಚ್ಚುಗೆ ಗಳಿಸಿದ್ದ ಹುಡುಗಿ ಈಗ ಅರ್ಧ ಪುಟ ಬರೆದು ಹರಿದು ಹಾಕುತ್ತಾಳೆ. ಚಂಡೆ ಕೇಳಿದರೆ ಅಂಗಳದಲ್ಲೇ ಕುಣಿಯುತ್ತಿದ್ದವನಿಗೆ ಯಕ್ಷಗಾನ ತರಗತಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತದೆ. ಇಂಥ ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಿಯರು, ಕಾರ್ಕಳದವರಿರಲಿ, ಕಾಪುವಿನವರಿರಲಿ, ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಎಂತ ಆಯ್ತೋ ಗೊತ್ತಿಲ್ಲ, ಮೊದಲು ಹೀಗಿರಲಿಲ್ಲ.’ ಎರಡನೆಯ ಮಾತೂ ಒಂದೇ: ‘ಇನ್ನೊಂದು ಒಳ್ಳೆಯ ಕ್ಲಾಸಿಗೆ ಸೇರಿಸುವುದಾ ಅಂತ.’

ಸೇರಿಸಬೇಡಿ, ಸದ್ಯಕ್ಕಂತೂ ಬೇಡ. ಕ್ಲಾಸಿನಲ್ಲಿ ಗೊತ್ತಿಲ್ಲದ್ದನ್ನು ಹೇಳಿಕೊಡುತ್ತಾರೆ. ನಿಮ್ಮ ಮಗುವಿಗೆ ಗೊತ್ತಿದೆ, ಆದರೆ ಕೈ ಓಡುತ್ತಿಲ್ಲ. ಇದು ಬೇರೆಯೇ ತೊಡಕು. ಇದಕ್ಕೆ ಬೇಕಾದದ್ದು ಹೊಸ ವಿದ್ಯೆ ತುಂಬುವವರಲ್ಲ, ಪಕ್ಕದಲ್ಲಿ ಕೂತು ಗಂಟು ಎಲ್ಲಿ ಬಿದ್ದಿದೆ ಎಂದು ನೋಡುವವರು. ಕ್ರಿಕೆಟ್ಟಿಗೆ ಕೋಚ್ ಇದ್ದ ಹಾಗೆ ಬರವಣಿಗೆಗೆ, ಚಿತ್ರಕ್ಕೆ, ರಂಗಕಲೆಗೂ ಈಗ ಕೋಚ್‌ಗಳಿದ್ದಾರೆ. ಮಣಿಪಾಲದಂಥ ವಿಶ್ವವಿದ್ಯಾಲಯದ ಊರಿನಲ್ಲಿ ದೊಡ್ಡವರಿಗೆ ಅದು ಹೊಸತಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಯಾರ ಬಳಿ ಹೋಗಬೇಕು, ಹೋದರೆ ಅವರು ಮಾಡುವುದೇನು ಎಂಬುದು ಹೆಚ್ಚಿನವರಿಗೆ ಸ್ಪಷ್ಟವಿಲ್ಲ.

ಅದಕ್ಕೆ ಮೊದಲು, ಕೈ ಯಾಕೆ ನಿಲ್ಲುತ್ತದೆ? ಸೋಮಾರಿತನದಿಂದ, ಮೊಬೈಲಿನಿಂದ ಎಂಬ ತೀರ್ಪು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮೊಬೈಲಿನ ಪಾಲು ಇಲ್ಲವೆಂದಲ್ಲ. ಆದರೆ ಮೊಬೈಲ್ ಇಲ್ಲದ ಕಾಲದಲ್ಲೂ ಮಕ್ಕಳು ಇದೇ ವಯಸ್ಸಿನಲ್ಲಿ ಚಿತ್ರ ಬಿಡಿಸುವುದನ್ನು ನಿಲ್ಲಿಸುತ್ತಿದ್ದರು. ಕಲಾಶಿಕ್ಷಣದ ಬಗ್ಗೆ 1947ರಲ್ಲಿ ಪುಸ್ತಕ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ವಿದ್ವಾಂಸರು ಮಕ್ಕಳ ಚಿತ್ರಗಳನ್ನು ವಯಸ್ಸಿಗೆ ತಕ್ಕಂತೆ ಹಂತಗಳಾಗಿ ವಿಂಗಡಿಸಿದರು. ಸುಮಾರು ಒಂಬತ್ತರಿಂದ ಹನ್ನೆರಡರ ನಡುವೆ ಮಗುವಿಗೆ ‘ಇದ್ದದ್ದು ಇದ್ದ ಹಾಗೆ ಬರಬೇಕು’ ಎಂಬ ಆಸೆ ಹುಟ್ಟುತ್ತದೆ. ಅಷ್ಟರವರೆಗೆ ಮನೆಗಿಂತ ಎತ್ತರದ ಅಮ್ಮನನ್ನು ಬಿಡಿಸಿ ಖುಷಿಪಟ್ಟ ಮಗು, ಈಗ ಅಮ್ಮನ ಮೂಗು ಸರಿಯಾಗಿಲ್ಲವೆಂದು ಅಳಿಸುತ್ತದೆ. ಕಣ್ಣು ಬೆಳೆದಿದೆ, ಕೈ ಇನ್ನೂ ಬೆಳೆದಿಲ್ಲ. ನಡುವಿನ ಈ ಅಂತರದಲ್ಲೇ ಬಹಳಷ್ಟು ಮಕ್ಕಳು ‘ನನಗೆ ಬರುವುದಿಲ್ಲ’ ಎಂದು ಪುಸ್ತಕ ಮುಚ್ಚುತ್ತಾರೆ. ಅಂದರೆ ನಿಮ್ಮ ಮಗ ಚಿತ್ರ ನಿಲ್ಲಿಸಿದ್ದಕ್ಕೆ ಅವನ ಅಭಿರುಚಿ ಬೆಳೆದದ್ದೇ ಕಾರಣವಾಗಿರಬಹುದು. ಬೈಯುವುದಕ್ಕಿಂತ ಮುಂಚೆ ಇದನ್ನೊಮ್ಮೆ ಯೋಚಿಸಿ.

ಇನ್ನೊಂದು ಕಾರಣವನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕಾಪು ಕಡೆಯ ಒಂಬತ್ತನೇ ತರಗತಿಯ ಹುಡುಗಿ. ದೀಪಸ್ತಂಭದ ಬಗ್ಗೆ ಸ್ಪರ್ಧೆಗೊಂದು ಕಥೆ ಬರೆಯಬೇಕು. 1901ರಲ್ಲಿ ಕಟ್ಟಿದ್ದು ಎಂಬುದರಿಂದ ಹಿಡಿದು ಬೇಕಾದ ಮಾಹಿತಿಯನ್ನೆಲ್ಲ ಕಲೆಹಾಕಿದ್ದಾಳೆ. ಕಥೆ ಮಾತ್ರ ಮೊದಲ ವಾಕ್ಯ ದಾಟುವುದಿಲ್ಲ. ಜೊತೆಗೆ ಕೂತ ಕೋಚ್ ಆ ನೋಟ್‌ಬುಕ್ಕನ್ನು ತೆರೆಯಲೇ ಇಲ್ಲ. ಸುಮ್ಮನೆ ಮಾತಿಗೆ ಎಳೆದರು.

‘ಕಥೆಯಲ್ಲಿ ಯಾರಿದ್ದಾರೆ?’

‘ಒಬ್ಬರು ಅಜ್ಜ.’

‘ಅಜ್ಜ ಈಗ ಎಂತ ಮಾಡ್ತಾ ಇದ್ದಾರೆ?’

‘ಬಲೆ ಹರಿದಿದೆ. ಸರಿ ಮಾಡ್ತಾ ಇದ್ದಾರೆ.’

‘ಎಲ್ಲಿ ಕೂತು?’

‘ದೋಣಿಯ ನೆರಳಲ್ಲಿ. ಅಲ್ಲಿಂದ ದೀಪಸ್ತಂಭ ಕಾಣ್ತದೆ, ಆದರೆ ಅವರು ನೋಡುದಿಲ್ಲ.’

‘ಯಾಕೆ ನೋಡುದಿಲ್ಲ?’

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಅಜ್ಜನ ಮಗ ಒಂದು ಮಳೆಗಾಲದಲ್ಲಿ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ರಾತ್ರಿ ದೀಪ ಉರಿಯುತ್ತಲೇ ಇತ್ತು. ಅಜ್ಜನಿಗೆ ಆ ದೀಪದ ಮೇಲೆ ಸಿಟ್ಟು. ಕೋಚ್ ಇಷ್ಟನ್ನು ಕೇಳಿಸಿಕೊಂಡು ಹೇಳಿದ್ದು: ‘ಇವತ್ತು ಕಥೆ ಬರೆಯುವುದು ಬೇಡ. ಬಲೆ ಹಿಡಿದ ಅಜ್ಜನ ಕೈ ಬಗ್ಗೆ ಐದಾರು ಸಾಲು ಬರಿ, ಸಾಕು. ತಪ್ಪಿದ್ದರೆ ಇರಲಿ. ನನಗೂ ತೋರಿಸಬೇಡ.’

ಮುಂದಿನ ಭೇಟಿಯಲ್ಲಿ ಗಂಟು ಎಲ್ಲಿದೆ ಎಂದು ತಿಳಿಯಿತು. ಹಿಂದಿನ ವರ್ಷ ತೀರ್ಪುಗಾರರೊಬ್ಬರು ‘ಮೊದಲ ವಾಕ್ಯವೇ ಓದುಗರನ್ನು ಸೆಳೆಯಬೇಕು, ಕೊನೆಗೊಂದು ನೀತಿ ಇರಬೇಕು’ ಎಂದಿದ್ದರಂತೆ. ಹೇಳಿದವರು ಆಗಲೇ ಮರೆತಿರುತ್ತಾರೆ. ಹುಡುಗಿ ಮಾತ್ರ ಅದನ್ನು ಕಾನೂನಿನಂತೆ ಪಾಲಿಸುತ್ತಿದ್ದಳು. ಸೆಳೆಯುವ ವಾಕ್ಯ ಹೊಳೆಯುತ್ತಿರಲಿಲ್ಲ, ಅದು ಹೊಳೆಯದೆ ಎರಡನೆಯದಕ್ಕೆ ಹೋಗುವಂತಿರಲಿಲ್ಲ.

ಇದು ನಮ್ಮೂರಿನ ಮಕ್ಕಳಿಗೆ ಮಾತ್ರ ಬರುವ ತೊಂದರೆಯಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೈಕ್ ರೋಸ್ ಎಂಬ ಅಧ್ಯಾಪಕರು ಕಾಲೇಜು ವಿದ್ಯಾರ್ಥಿಗಳು ಪ್ರಬಂಧ ಬರೆಯುವ ರೀತಿಯನ್ನು ಹತ್ತಿರದಿಂದ ನೋಡಿ 1980ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅವರು ಆಯ್ದ ಹತ್ತು ಮಂದಿಯಲ್ಲಿ ಐವರು ಬರೆಯಲು ಕೂತರೆ ಸಿಕ್ಕಿಹಾಕಿಕೊಳ್ಳುವವರು, ಐವರು ಸರಾಗವಾಗಿ ಬರೆಯುವವರು. ಸಿಕ್ಕಿಹಾಕಿಕೊಳ್ಳುವವರು ದಡ್ಡರೇನಲ್ಲ. ಅವರ ತಲೆಯಲ್ಲಿ ಬಗ್ಗದ ನಿಯಮಗಳಿದ್ದವು, ವಾಕ್ಯ ಮೊದಲ ಸಲವೇ ವ್ಯಾಕರಣಬದ್ಧವಾಗಿ ಬರಬೇಕು ಎಂಬಂಥವು. ಸರಾಗವಾಗಿ ಬರೆಯುವವರಿಗೂ ನಿಯಮಗಳಿದ್ದವು, ಆದರೆ ಕೆಲಸಕ್ಕೆ ಬಾರದಿದ್ದರೆ ಬಿಟ್ಟುಬಿಡುತ್ತಿದ್ದರು. ಒಳ್ಳೆಯ ಕೋಚ್ ಮಾಡುವ ಕೆಲಸದ ಮುಕ್ಕಾಲು ಪಾಲು ಇದೇ. ಮಗು ಪಾಲಿಸುತ್ತಿರುವ, ತನಗೂ ಗೊತ್ತಿಲ್ಲದ ಆ ನಿಯಮವನ್ನು ಅದರ ಬಾಯಿಂದಲೇ ಹೊರಡಿಸುವುದು, ಆಮೇಲೆ ಅದನ್ನು ಮುರಿಯಲು ಅನುಮತಿ ಕೊಡುವುದು. ಉಳಿದ ಕಾಲು ಪಾಲು, ಕೆಲಸವನ್ನು ಚಿಕ್ಕದು ಮಾಡುವುದು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ನೂರಿಪ್ಪತ್ತೈದು ವರ್ಷ ಹಳೆಯ ಮಾದರಿ ಇದೆ. ಕಾರ್ಕಳ ಹತ್ತಿರದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ‘ಶ್ರೀರಾಮಾಶ್ವಮೇಧಂ’ ಕೃತಿಯಲ್ಲಿ ರಾಮಕಥೆಯ ಜೊತೆಗೆ ಮುದ್ದಣ–ಮನೋರಮೆಯರ ಸಲ್ಲಾಪ ಸಾಗುತ್ತದೆ. ಮನೋರಮೆ ಅಲ್ಲಿ ಮಾಡುವುದನ್ನು ಗಮನಿಸಿ. ಕಥೆ ಹೇಳು ಎಂದು ಕಾಡುತ್ತಾಳೆ. ಯಾವ ಕಥೆ, ಹೇಗೆ ಹೇಳಬೇಕು ಎಂದು ಚೌಕಾಸಿ ಮಾಡುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎಂದು ಪಟ್ಟು ಹಿಡಿಯುತ್ತಾಳೆ. ಅರ್ಥವಾಗದ್ದನ್ನು ತಡೆದು ಕೇಳುತ್ತಾಳೆ, ರೇಗಿಸುತ್ತಾಳೆ, ನಗುತ್ತಾಳೆ. ಆಕೆ ಕಾವ್ಯಶಾಸ್ತ್ರ ಪಾಠ ಮಾಡುವುದಿಲ್ಲ, ಅಂಕ ಕೊಡುವುದಿಲ್ಲ. ಕೇಳುವ ಆಸೆಯಿಂದಲೇ ಹೇಳಿಸುತ್ತಾಳೆ. ಬರವಣಿಗೆಯ ಕೋಚ್ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಮನೋರಮೆಯ ಹಾಗಿರಬೇಕು ಎನ್ನುತ್ತೇನೆ.

ಅದೇ ಮುದ್ದಣನ ಬದುಕಿನ ಇನ್ನೊಂದು ಸಂಗತಿ ಪೋಷಕರಿಗೆ ಹೆಚ್ಚು ಮುಖ್ಯ. ಇಷ್ಟು ದೊಡ್ಡ ಕವಿಗೂ ಬರೆದದ್ದನ್ನು ತನ್ನ ಹೆಸರಿನಲ್ಲಿ ಹೊರತರಲು ಅಳುಕು. ಯಾರೋ ಹಳೆಯ ಕವಿಯ ಹಸ್ತಪ್ರತಿ ಸಿಕ್ಕಿತೆಂಬಂತೆ ತನ್ನ ಕೃತಿಗಳನ್ನು ಮೈಸೂರಿನ ಪತ್ರಿಕೆಗೆ ಕಳುಹಿಸಿದರು. 1901ರಲ್ಲಿ, ಮೂವತ್ತೊಂದನೇ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡರು. ಅದು ಅವರದೇ ಬರಹವೆಂದು ಲೋಕಕ್ಕೆ ಖಚಿತವಾದದ್ದು ಆಮೇಲೆ. ಹೆಸರು ಮರೆಯಾಗಿದ್ದರೆ ಕೈ ಸಡಿಲವಾಗುತ್ತದೆ ಎಂಬುದು ಮಕ್ಕಳಿಗೂ ಸಲ್ಲುವ ಮಾತು. ಮಗು ಬರೆದದ್ದನ್ನು ಫೋಟೋ ಹೊಡೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಿಮಗಿದ್ದರೆ ಇವತ್ತೇ ನಿಲ್ಲಿಸಿ. ಚಿಕ್ಕಮ್ಮ, ದೊಡ್ಡಪ್ಪ ಎಲ್ಲ ಹೆಬ್ಬೆರಳು ಒತ್ತಿ ‘ಸೂಪರ್’ ಎನ್ನುತ್ತಾರೆ, ನಿಜ. ಆ ಕ್ಷಣದಿಂದ ಮಗು ಬರೆಯುವುದು ಚಿಕ್ಕಮ್ಮನಿಗಾಗಿ.

ಬಹುಮಾನದ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ಕಡೆ ಸ್ಪರ್ಧೆಗಳಿಗೆ ಬರವಿಲ್ಲ. ಪ್ರತಿಭಾ ಕಾರಂಜಿ, ಗಣೇಶೋತ್ಸವದ ಚಿತ್ರಸ್ಪರ್ಧೆ, ಅಷ್ಟಮಿಗೆ ಮುದ್ದುಕೃಷ್ಣ, ಸಂಘ ಸಂಸ್ಥೆಗಳ ಪ್ರಬಂಧ ಸ್ಪರ್ಧೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಒಂದು ಶಿಶುವಿಹಾರದಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ತಾವಾಗಿಯೇ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು, ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದ ಮಕ್ಕಳ ಸುಮಾರು ಅರ್ಧಕ್ಕೆ ಇಳಿದಿತ್ತು. ಏನೂ ಹೇಳದೆ, ಬಿಡಿಸಿದ ಮೇಲೆ ಅನಿರೀಕ್ಷಿತವಾಗಿ ಪತ್ರ ಪಡೆದವರಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಸ್ಪರ್ಧೆಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕೈ ಕಟ್ಟಿಹೋಗಿರುವ ಮಗುವಿಗೆ ‘ಈ ಸಲ ಫಸ್ಟ್ ಬಂದರೆ ಸೈಕಲ್’ ಎನ್ನುವುದು ಮದ್ದಲ್ಲ, ಅಷ್ಟೇ.

ಕೆಲವೊಮ್ಮೆ ಗಂಟು ಬಿಡಿಸಲು ಕೋಚ್ ಮಗುವನ್ನು ಬೇರೆಯೇ ಕೆಲಸಕ್ಕೆ ಹಚ್ಚುತ್ತಾರೆ. ‘ಚಿತ್ರ ಕಲಿಯಲು ಕಳುಹಿಸಿದರೆ ಕುಣಿಸುತ್ತಿದ್ದಾರೆ’ ಎಂದು ಹೌಹಾರಬೇಡಿ. ಉಡುಪಿ ಪಕ್ಕದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಪ್ಯಾರಿಸ್ಸಿಗೂ ಹೋಗಿ ಬಂದ ಚಿತ್ರಕಾರರು. ರೇಖೆಗೆ ಲಯ ಬರಬೇಕೆಂದು ಅವರು ಕಥಕ್ ನೃತ್ಯ ಕಲಿತರು. ಅವರ ನರ್ತಕಿಯರ ರೇಖಾಚಿತ್ರಗಳನ್ನು ನೋಡಿದರೆ ಆ ಕಲಿಕೆ ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಎಂಡ್ ಪಾಯಿಂಟಿಗೆ ಹೋಗುವ ಭಾನುವಾರಗಳಲ್ಲಿ ಒಂದನ್ನು ಅದಕ್ಕೆ ಕೊಡಿ. ಮಗುವಿಗೆ ಅಲ್ಲಿ ಏನೂ ವಿವರಿಸಬೇಡಿ, ‘ನೋಡು, ನೀನೂ ಹೀಗೆ ಮಾಡಬೇಕು’ ಎಂಬ ಮಾತಂತೂ ಬೇಡವೇ ಬೇಡ.

ಯಕ್ಷಗಾನ ಕಲಿಯುವ ಮಕ್ಕಳ ತೊಡಕು ಸ್ವಲ್ಪ ಬೇರೆ. ಯಕ್ಷಶಿಕ್ಷಣ ಟ್ರಸ್ಟ್‌ನ ಮೂಲಕ ಉಡುಪಿಯ ಪ್ರೌಢಶಾಲೆಗಳಲ್ಲಿ ಹೆಜ್ಜೆ ಕಲಿಯುವ, ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ವೇಷ ಕಟ್ಟುವ ಮಕ್ಕಳನ್ನು ನೋಡಿದವರಿಗೆ ಗೊತ್ತು: ಹೆಜ್ಜೆಯಲ್ಲಿ ಸಿಕ್ಕಿಕೊಳ್ಳುವವರು ಕಡಿಮೆ, ಮಾತಿನಲ್ಲಿ ಸಿಕ್ಕಿಕೊಳ್ಳುವವರು ಹೆಚ್ಚು. ಮಗು ಅರ್ಥವನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತದೆ. ಎದುರು ವೇಷದ ಹುಡುಗ ಒಂದು ಸಾಲು ಹಾರಿಸಿದರೆ ಇವನ ಬಾಯಿ ಒಣಗುತ್ತದೆ. ಇಂಥಲ್ಲಿ ಅನುಭವಿ ಗುರುಗಳು ‘ಸಾಲು ನೆನಪು ಮಾಡಿಕೋ’ ಎನ್ನುವುದಿಲ್ಲ. ‘ನೀನೀಗ ಅಭಿಮನ್ಯು. ಅಮ್ಮ ಹೋಗಬೇಡ ಅಂತಾಳೆ. ನಿನಗೆ ಹೋಗಬೇಕು. ಎಂತ ಹೇಳ್ತಿ?’ ಎಂದು ಕೇಳುತ್ತಾರೆ. ಮಗು ತನ್ನ ಮಾತಿನಲ್ಲಿ ಹೇಳುತ್ತದೆ, ಮನೆಯಲ್ಲಿ ಆಟಕ್ಕೆ ಹೋಗಲು ಅಮ್ಮನನ್ನು ಒಪ್ಪಿಸುವ ಹಾಗೆಯೇ. ಆಮೇಲೆ ಆ ಮಾತಿಗೆ ಯಕ್ಷಗಾನದ ಭಾಷೆ ತೊಡಿಸಿದರಾಯಿತು. ನಮ್ಮ ನೆಲದ ಅರ್ಥಗಾರಿಕೆ ಆಶುವಾಗಿಯೇ ಬೆಳೆದ ಕಲೆ. ಮಕ್ಕಳಿಗೆ ಮಾತ್ರ ಬರೆದು ಕೊಟ್ಟು ಉರು ಹೊಡೆಸಿ, ತಪ್ಪಿದರೆ ಗದರುವುದು ಯಾವ ನ್ಯಾಯವೋ ನನಗೆ ತಿಳಿಯದು.

ಇನ್ನು ಯಾರ ಬಳಿ ಹೋಗುವುದು? ಕೋಚ್ ಎಂಬ ಫಲಕ ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಇದು ಮೊದಲು ತಿಳಿದಿರಲಿ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ, 1995ರಲ್ಲಿ ಆರಂಭವಾದ ಸಂಸ್ಥೆ ಮೂರು ಹಂತದ ಮಾನ್ಯತೆ ಕೊಡುತ್ತದೆ. ಅದರ ಮೊದಲ ಹಂತಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಮಾನ್ಯತೆ ಇದ್ದರೆ ಒಳ್ಳೆಯದು. ಆದರೆ ಅದು ಹೆಚ್ಚಾಗಿ ದೊಡ್ಡವರ ಉದ್ಯೋಗ, ಬದುಕಿನ ವಿಷಯದ ತರಬೇತಿ. ಮಕ್ಕಳ ಜೊತೆ ಕೆಲಸ ಮಾಡಿದ್ದಾರೆಯೇ, ಸ್ವತಃ ಬರೆಯುತ್ತಾರೆಯೇ, ಚಿತ್ರ ಬಿಡಿಸುತ್ತಾರೆಯೇ ಎಂಬುದು ಅದಕ್ಕಿಂತ ಮುಖ್ಯ. ತಾನು ಎಂದೂ ಸಿಕ್ಕಿಹಾಕಿಕೊಳ್ಳದವರು ಇನ್ನೊಬ್ಬರನ್ನು ಬಿಡಿಸುವುದು ಕಷ್ಟ.

ಎಷ್ಟೋ ಸಲ ಫಲಕವೇ ಇಲ್ಲದ ಕೋಚ್ ಹತ್ತಿರದಲ್ಲೇ ಇರುತ್ತಾರೆ. ಶಾಲೆಯ ಡ್ರಾಯಿಂಗ್ ಮಾಸ್ತರರು, ನಿವೃತ್ತ ಕನ್ನಡ ಟೀಚರು, ಇಂದ್ರಾಳಿಯ ಯಕ್ಷಗಾನ ಕೇಂದ್ರದಂಥಲ್ಲಿ ಕಲಿತು ಈಗ ಊರಿನಲ್ಲಿ ಕಲಿಸುವವರು, ರಂಗಶಿಬಿರ ನಡೆಸುವ ನಾಟಕದವರು. ಯಾರನ್ನೇ ಆರಿಸಿ, ಮೊದಲ ಭೇಟಿಯಲ್ಲಿ ಒಂದನ್ನು ಗಮನಿಸಿ: ಅವರು ಹೆಚ್ಚು ಮಾತಾಡುತ್ತಾರೋ, ಮಗು ಹೆಚ್ಚು ಮಾತಾಡುತ್ತದೋ? ಅವರೇ ಮಾತಾಡುತ್ತಿದ್ದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಮಗುವಿನ ಚಿತ್ರವನ್ನು ತಾವೇ ತಿದ್ದಿ ಚಂದ ಮಾಡಿಕೊಡುವವರೂ ಬೇಡ. ಮನೆಗೆ ಬರುವ ಚಿತ್ರ ಚೆನ್ನಾಗಿರುತ್ತದೆ, ಮಗುವಿಗೆ ಅದರಲ್ಲಿ ಪಾಲಿರುವುದಿಲ್ಲ. ‘ಹತ್ತು ಭೇಟಿಯಲ್ಲಿ ಗ್ಯಾರಂಟಿ’ ಎಂದು ವರ್ಷದ ಶುಲ್ಕ ಮುಂಗಡ ಕೇಳಿದರೆ ಕೊಡಬೇಡಿ. ಎರಡು ಮೂರು ಭೇಟಿಗಷ್ಟೇ ಒಪ್ಪಿಕೊಳ್ಳಿ, ಮುಂದಿನದನ್ನು ಮಗುವಿನ ಅಭಿಪ್ರಾಯ ಕೇಳಿ ನಿರ್ಧರಿಸಿ. ಭೇಟಿ ನಡೆಯುವ ಕೋಣೆಯ ಬಾಗಿಲು ತೆರೆದಿರಲಿ, ಅಥವಾ ಮನೆಯವರು ಕಣ್ಣಳತೆಯಲ್ಲಿರಲಿ. ಆನ್‌ಲೈನ್ ಆದರೂ ಹಾಗೆಯೇ. ಎಷ್ಟೇ ಪರಿಚಿತರಾದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ, ಸಜ್ಜನರಾದವರು ಇದಕ್ಕೆ ಬೇಸರಿಸುವುದೂ ಇಲ್ಲ.

ಕೋಚ್ ಬಳಿ ಹೋಗಬಾರದ ಸಂದರ್ಭವೂ ಇದೆ. ಚಿತ್ರ ಒಂದೇ ಅಲ್ಲ, ಆಟ, ಗೆಳೆಯರು, ಊಟ ಎಲ್ಲದರಲ್ಲೂ ಆಸಕ್ತಿ ಹೋಗಿದೆ, ನಿದ್ದೆ ಕೆಟ್ಟಿದೆ, ಎರಡು ವಾರ ದಾಟಿದರೂ ಮಗು ಮಂಕಾಗಿಯೇ ಇದೆ ಎಂದಾದರೆ ಅದು ಕಲೆಯ ತೊಡಕಲ್ಲ, ಖಿನ್ನತೆ ಇರಬಹುದು. ಬದುಕುವುದೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಬರೆಯಲು ಕೂತರೆ ಅಕ್ಷರಗಳೇ ಅದಲು ಬದಲಾಗುತ್ತವೆ, ಬಾಯಲ್ಲಿ ಚೆನ್ನಾಗಿ ಹೇಳುವ ಮಗು ಕಾಗದದಲ್ಲಿ ತಡವರಿಸುತ್ತದೆ ಎಂದಾದರೆ ಕಲಿಕಾ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಈ ಎರಡಕ್ಕೂ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಕೇಳಿ ನೋಡಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲಿ ಈ ಸೇವೆಗಳಿವೆ. ನಮಗೆ ಅಷ್ಟರಮಟ್ಟಿಗೆ ಅದೃಷ್ಟವಿದೆ, ಎಷ್ಟೋ ಜಿಲ್ಲೆಗಳಿಗೆ ಇಲ್ಲ. ರಾತ್ರಿ ಹೊತ್ತಲ್ಲೂ ಕರೆ ಮಾಡಬಹುದಾದ ಸರಕಾರದ ಟೆಲಿ-ಮನಸ್ ಸಂಖ್ಯೆ 14416. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ನೀವು ಮಾಡಬೇಕಾದದ್ದು ಹೆಚ್ಚಿಲ್ಲ. ‘ಇವತ್ತು ಎಂತ ಬರೆದೆ, ತೋರಿಸು’ ಎಂಬ ಪ್ರಶ್ನೆಯನ್ನು ಒಂದಷ್ಟು ದಿನ ಬಿಡಿ. ದಿನಕ್ಕೆ ಹದಿನೈದು ನಿಮಿಷ ಯಾರೂ ನೋಡದ, ಯಾರೂ ಕೇಳದ ಸಮಯ ಮಗುವಿಗಿರಲಿ. ಹರಿದು ಹಾಕಲೆಂದೇ ಒಂದು ಅಗ್ಗದ ರಫ್ ಪುಸ್ತಕ ತಂದುಕೊಡಿ. ಒಳ್ಳೆಯ ಡ್ರಾಯಿಂಗ್ ಪುಸ್ತಕದ ಬಿಳಿ ಹಾಳೆ ಎಷ್ಟೋ ಮಕ್ಕಳನ್ನು ಹೆದರಿಸುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷದಲ್ಲಿ ಮಗು ತಾನಾಗಿಯೇ ‘ಈಗ ಬೇಡ’ ಎಂದರೆ ಒಪ್ಪಿಕೊಳ್ಳಿ. ವರ್ಷ ಬಿಟ್ಟ ಕಲೆ ತಿರುಗಿ ಬರುತ್ತದೆ, ಒತ್ತಾಯಿಸಿ ಹುಳಿಯಾದದ್ದು ಬರುವುದು ಕಷ್ಟ. ಆದರೆ ನೀವೇ ‘ಪರೀಕ್ಷೆ ಮುಗಿಯುವ ತನಕ ಕುಣಿತ ಬಂದ್’ ಎಂದು ಆಜ್ಞೆ ಹೊರಡಿಸುವುದು ಬೇರೆ, ಅದನ್ನು ನಾನು ಬೆಂಬಲಿಸುವುದಿಲ್ಲ.

ಕೊನೆಗೊಂದು ವಿನಂತಿ. ಕೋಚ್ ಬಳಿ ಮೊದಲ ಸಲ ಹೋಗುವಾಗ ಮಗುವಿನ ಹಳೆಯ ಸರ್ಟಿಫಿಕೇಟುಗಳ ಫೈಲನ್ನು ಮನೆಯಲ್ಲೇ ಬಿಟ್ಟುಹೋಗಿ. ಕೋಚ್‌ಗೆ ಅದರಿಂದ ತಿಳಿಯುವುದು ಏನೂ ಇಲ್ಲ.